ಮೊದಲಿನ ಕಾಲಂ

ನಮೂನೆಯಲ್ಲಿ ಮೂರು ಕಾಲಂ:
ಮೊದಲು ಏನಾಯಿತು,
ಹುಡುಗ ಏನು ಮಾಡಿದ,
ಆಮೇಲೆ ನೀವೇನು ಮಾಡಿದಿರಿ.

ನಡುವಿನದು ಸುಲಭ.
ಎಮ್ರಿಸ್, ಒಂಬತ್ತು ವರ್ಷ, ಮಾತಿಲ್ಲ.
ಎರಡು ಕುರ್ಚಿ ಎಸೆದ. ಒಂದು ಕಿಟಕಿಗೆ ತಾಗಿತು.
ನನ್ನ ಎಡ ಮುಂಗೈ ಕಚ್ಚಿದ.
ಹಲ್ಲಿನ ಸಾಲು ನೋಡಿ, ಎಷ್ಟು ಅಚ್ಚುಕಟ್ಟು,
ಮುಂದಿನದೊಂದು ಬಿದ್ದ ಜಾಗ ಕೂಡ ಮೂಡಿದೆ.
ಮೂರನೆಯದೂ ಬರೆಯಬಹುದು:
ಉಳಿದ ಮಕ್ಕಳನ್ನು ಹೊರಗೆ ಕರೆದೊಯ್ದೆವು,
ದೀಪ ಆರಿಸಿದೆವು,
ನೆಲದ ಮೇಲೆ ನಾನೂ ಕೂತೆ, ಎರಡು ಮಾರು ದೂರ,
ಬಾಯಿ ಮುಚ್ಚಿಕೊಂಡು.

ಮೊದಲನೆಯದರಲ್ಲಿ ಮಾತ್ರ
ಮೂರು ಮಂಗಳವಾರವೂ ಒಂದೇ ಬರೆದೆ:
ಏನೂ ಇಲ್ಲ.

ಇದಕ್ಕೆಂದು ಓದಿದವನಲ್ಲ ನಾನು.
ಇಪ್ಪತ್ತಾರು ವರ್ಷ ಉಕ್ಕಿನ ಕಾರ್ಖಾನೆಯ ಕ್ರೇನಿನಡಿ ನಿಂತವನು;
ಪೋರ್ಟ್ ಟಾಲ್ಬಟ್ಟಿನ ಕುಲುಮೆ ಆರಿದಾಗ
ಊರಿಗೆ ಊರೇ ಕೈ ಒರೆಸಿಕೊಂಡು ಮನೆಗೆ ಬಂತು.
ಹೆಂಡತಿ ಹೇಳಿದಳು, ಗುಡ್ಡದ ಬುಡದ ಆ ಶಾಲೆಗೆ
ಗಟ್ಟಿ ಜನ ಬೇಕಂತೆ.
ಗಟ್ಟಿ ಅಂದರೆ ತೋಳು ಅಂದುಕೊಂಡೇ ಹೋದೆ.

ಪ್ರಾಸರ್ ಮೇಡಂ ಮೂರೂ ಹಾಳೆ ಪಕ್ಕಪಕ್ಕ ಇಟ್ಟು
ಕನ್ನಡಕ ಹಣೆಗೇರಿಸಿದರು. ಬೈಯಲಿಲ್ಲ.
"ಏನೂ ಇಲ್ಲದ್ದು ಮೂರು ಸಲ ಬಂದರೆ
ಅದು ಏನೋ ಒಂದು" ಎಂದರು.
"ಮೊದಲು ಅಂದರೆ, ಎಷ್ಟು ಮೊದಲು?"

ಎಷ್ಟು ಮೊದಲು?
ಕುರ್ಚಿಗೆ ಮೊದಲು ಹಾಲು. ಹಾಲಿಗೆ ಮೊದಲು ಕೋಟು ತೂಗುಹಾಕುವುದು.
ಕೋಟಿಗೆ ಮೊದಲು ಬಾಗಿಲು,
ಬಾಗಿಲಿಗೆ ಮೊದಲು, ಗೇಟಿನಲ್ಲಿ ಗುರುಗುಟ್ಟುತ್ತ ನಿಂತ
ಹಳದಿ ಮಿನಿಬಸ್ಸು.
ನಮ್ಮ ಹಾಳೆ ಶುರುವಾಗುವುದು ಒಂಬತ್ತಕ್ಕೆ.
ಅವನ ದಿನ ಏಳೂವರೆಗೇ ಹೊರಟಿರುತ್ತದೆ.

ಬಸ್ಸಿನ ಓಲ್ವೆನ್‌ಳನ್ನು ಯಾರೂ ಯಾವತ್ತೂ ಏನೂ ಕೇಳಿರಲಿಲ್ಲ.
ಮಕ್ಕಳ ಬೆಲ್ಟು ಹಾಕುವವಳು, ಅಷ್ಟೇ.
ಮಂಗಳವಾರ ಅವಳು ಬರುವುದಿಲ್ಲ,
ಗಂಡನನ್ನು ಡಯಾಲಿಸಿಸ್ಸಿಗೆ ಕರೆದೊಯ್ಯುತ್ತಾಳೆ.
ಫೋನಿನಲ್ಲಿ, ಹಿಂದೆ ಯಂತ್ರದ ಸದ್ದು, ಅಂದಳು:
"ಅಯ್ಯೋ, ತಟ್ಟುವುದನ್ನು ಹೇಳೇ ಇಲ್ಲವಾ ನಾನು?
ದಾರಿಯಲ್ಲಿ ಐದು ಸರ್ಕಲ್ಲು. ಬಸ್ಸು ತಿರುಗುವ ಮುಂಚೆ
ಅವನ ಸೀಟಿನ ಬೆನ್ನಿಗೆ ಎರಡು ಸಲ ತಟ್ಟುತ್ತೇನೆ.
ಲೋಕ ಈಗ ತಿರುಗುತ್ತೆ ಕಂದ, ಹಿಡಿದುಕೋ, ಅಂತ.
ಅಷ್ಟೇ. ಅದರಲ್ಲೇನಿದೆ?"

ಅದರಲ್ಲೇನಿದೆ.
ಕ್ರೇನು ಕದಲುವ ಮೊದಲು ನಮಗೂ ಎರಡು ಸಲ ಹಾರ್ನ್ ಕೊಡುತ್ತಿದ್ದರು.
ಒಂದು ದಿನ ಕೊಡದಿದ್ದರೆ
ಬೀಳದ ಉಕ್ಕಿಗೂ ತಲೆ ತಗ್ಗಿಸುತ್ತಿದ್ದೆವು,
ಸಂಜೆಯ ತನಕ, ಊಟದ ತಟ್ಟೆಯ ಮುಂದೆ ಕೂಡ.
ಐದು ಸರ್ಕಲ್ಲು ಸೂಚನೆಯಿಲ್ಲದೆ ತಿರುಗಿ ಬಂದ ಹುಡುಗ
ಕುರ್ಚಿ ಎಸೆದದ್ದು ಹತ್ತೂ ನಲವತ್ತಕ್ಕೆ.
ಅಷ್ಟು ಹೊತ್ತು ತಡೆದುಕೊಂಡಿದ್ದನ್ನು
ಯಾವ ಕಾಲಮಿನಲ್ಲೂ ಬರೆದಿಲ್ಲ ನಾನು.

ಈಗ ಮಂಗಳವಾರ ಬಸ್ಸಿನಲ್ಲಿ ನಾನೇ.
ಮೊದಲ ವಾರ ತಡವಾಗಿ ತಟ್ಟಿದೆ, ಜೋರಾಗಿ;
ನನ್ನ ಬೆರಳು ದಪ್ಪ, ಅವನು ಕಿವಿ ಮುಚ್ಚಿಕೊಂಡ.
ಓಲ್ವೆನ್ ಕಲಿಸಿಕೊಟ್ಟಳು: ಗೆಣ್ಣಿನಿಂದ ಅಲ್ಲ, ಬೆರಳ ತುದಿಯಿಂದ,
ಹಿಟ್ಟಿನ ಹದ ನೋಡುವ ಹಾಗೆ.

ಎಲ್ಲ ಸರಿಹೋಯಿತು ಅಂತ ಬರೆಯಲಾರೆ.
ನವೆಂಬರಿನಲ್ಲಿ ಒಂದು ಗುರುವಾರ, ಕಾರಣ ಇನ್ನೂ ಸಿಕ್ಕಿಲ್ಲ,
ಹಾಲಿನ ಲೋಟ ಕೈಯಲ್ಲಿದ್ದಾಗ ಅವನ ಉಸಿರು ಬದಲಾಯಿತು.
ನಾನು ಪಕ್ಕದಲ್ಲೇ ಇದ್ದೆ.
ನನ್ನ ಮುಂಗೈ ಮೇಲೆ, ಹಳೆಯ ಗುರುತಿನ ಹತ್ತಿರ,
ಎರಡು ಸಲ,
ಬೆರಳ ತುದಿಯಿಂದ.

ಸರಿದು ನಿಂತೆ. ಲೋಟ ಗೋಡೆಗೆ ಹೋಯಿತು.

ಸಂಜೆ ನಮೂನೆ ತೆಗೆದೆ.
ನಡುವಿನ ಕಾಲಂ: ಲೋಟ ಎಸೆದ.
ಮೊದಲಿನದರಲ್ಲಿ ಒಂದೇ ಮಾತು:
ಹೇಳಿದ.